ನೆರಿಗೆ ಹಿಡಿದ ಅರ್ಜಿ

ನವೆಂಬರ್ ಮೂವತ್ತರೊಳಗೆ ಮೂರು ಅಸೈನ್‌ಮೆಂಟ್ ಕೊಡಬೇಕಿತ್ತು. ಹದಿನೆಂಟಕ್ಕೆ ನನಗೆ ಮದ್ರಾಸ್ ಐ ಬಂತು.

ಊರಿಗೆ ಚೆನ್ನೈ ಅಂತ ಹೆಸರಿಟ್ಟು ಐದು ವರ್ಷವಾಗಿದ್ದರೂ ಕಣ್ಣಿನ ಈ ಕಾಯಿಲೆ ಮಾತ್ರ ಹಳೆಯ ಹೆಸರನ್ನೇ ಇಟ್ಟುಕೊಂಡಿತ್ತು. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಬಿಸಿನೀರಿನ ಹತ್ತಿಯಲ್ಲಿ ಒರೆಸಿ ಬಿಡಿಸಿಕೊಂಡರೆ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. "ಹತ್ತು ದಿನ ಪುಸ್ತಕ ಮುಟ್ಟಬೇಡಿ" ಎಂದರು ಡಾಕ್ಟರು.

ಹತ್ತು ದಿನ ಅಂದರೆ ಇಪ್ಪತ್ತೆಂಟು. ಉಳಿದ ಎರಡು ದಿನದಲ್ಲಿ ಮೂರನ್ನೂ ಬರೆಯುವುದು ಆಗದ ಮಾತು. ಕೊಡದಿದ್ದರೆ ಮೇ ತಿಂಗಳ ಪರೀಕ್ಷೆಗೆ ಕೂರಿಸುವುದಿಲ್ಲ, ಅದು ನನ್ನ ಬಿ.ಎ.ಯ ಕೊನೆಯ ಪರೀಕ್ಷೆ. ಕಾಯುವುದು ನನಗೇನೂ ಹೊಸದಲ್ಲ. ಆದರೂ ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದಿಡೀ ವರ್ಷವನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಇನ್ನಷ್ಟು ದಿನ ಕೊಡಿ ಎಂದು ಅರ್ಜಿ ಬರೆದೆ. ರಾತ್ರಿ ಶಾಲೆಯ ವಿಷ್ಣುತೀರ್ಥ ಮೇಷ್ಟ್ರು ಹೇಳುತ್ತಿದ್ದರು, ಕಾರಣವನ್ನು ಅರ್ಧಂಬರ್ಧ ಹೇಳಿದರೆ ಸುಳ್ಳಿನಂತೆ ಕಾಣುತ್ತದೆ ಎಂದು. ಹಾಗಾಗಿ ಮೊದಲು ಯಾವ ಕಣ್ಣು ಕೆಂಪಾಯಿತು, ಎದುರುಮನೆಯ ಯಾರಿಂದ ಬಂದಿರಬಹುದು, ದಿನಕ್ಕೆ ಎಷ್ಟು ಸಲ ಡ್ರಾಪ್ಸ್, ಎಲ್ಲವನ್ನೂ ಬರೆದೆ. ನಾಲ್ಕು ಪುಟವಾಯಿತು. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ವೃಂದಾಳ ಕೈಗೆ ಕೊಟ್ಟು, ನುಂಗಂಬಾಕ್ಕಂನ ನಮ್ಮ ದೂರಶಿಕ್ಷಣದ ಅಧ್ಯಯನ ಕೇಂದ್ರಕ್ಕೆ ತಲುಪಿಸು ಎಂದೆ.

"ಪಾಟಿ, ಇದು ಲೆಟರಾ ಇಲ್ಲ ಮೆಗಾ ಸೀರಿಯಲ್ಲಾ?" ಅಜ್ಜಿ ಎನ್ನುವುದಕ್ಕೆ ಅವಳ ಬಾಯಲ್ಲಿ ತಮಿಳಿನ ಪಾಟಿಯೇ ಬರುತ್ತಿತ್ತು.

"ಸುಮ್ಮನೆ ತೊಗೊಂಡು ಹೋಗೇ."

ಸಂಜೆ ನಗುತ್ತಲೇ ವಾಪಸು ಬಂದಳು. "ಪಾಟಿ, ಸರ್ ಕೇಳ್ತಾರೆ, ಕಣ್ಣೇ ಬಿಡಕ್ಕಾಗದವರು ನಾಲ್ಕು ಪೇಜ್ ಎಪ್ಪಡಿ ಬರೆದರು ಅಂತ. ನಂಬಲೇ ಇಲ್ಲ. ನೀವೇ ನೇರಾ ಬರಬೇಕಂತೆ."

ಅದು ನನಗೆ ಹೊಳೆದೇ ಇರಲಿಲ್ಲ!

ಇಪ್ಪತ್ಮೂರಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ವೃಂದಾಳ ಜೊತೆ ವೇಲಚೇರಿಯಿಂದ ಆಟೋದಲ್ಲಿ ಹೊರಟೆ. ಆಟೋದವನು ನಮ್ಮನ್ನು ಹತ್ತಿಸಿಕೊಂಡವನೇ ಮುಂದಿನ ಕನ್ನಡಿಯನ್ನು ಆಚೆಗೆ ತಿರುಗಿಸಿಬಿಟ್ಟನಂತೆ. ಮದ್ರಾಸ್ ಐ ಬಂದವರನ್ನು ನೋಡಿದರೇ ಅಂಟುತ್ತದೆ ಎಂದು ಈ ಊರಿನಲ್ಲಿ ಎಲ್ಲರ ನಂಬಿಕೆ.

ಕೇಂದ್ರದ ಸಂಯೋಜಕರು ಚಂದ್ರಶೇಖರ. ಮಂಡ್ಯದ ಕಡೆಯವರು, ಚೆನ್ನೈಗೆ ಬಂದು ಮೂರು ವರ್ಷವಾಗಿತ್ತು; ಅಷ್ಟರಲ್ಲಿ ಆ ನಂಬಿಕೆ ಅವರಿಗೂ ಹಿಡಿದಿತ್ತು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮುಖಕ್ಕೆ ಫೈಲು ಅಡ್ಡ ಹಿಡಿದರು.

"ಅಲ್ಲೇ ನಿಂತ್ಕಳಿ ಕೌಸಲ್ಯಮ್ಮ! ನನ್ನ ನೋಡ್ಬೇಡಿ!"

"ನೋಡಕ್ಕೆ ನನಗೆ ಕಾಣಿಸಬೇಕಲ್ಲಪ್ಪ."

"ಕಾಣ್ದಲೇ ಇಷ್ಟುದ್ದ ಬರೆದ್ರಾ? ಮೊಮ್ಮಗಳ ಕೈಲಿ ಬರೆಸಿದ್ದೀರಿ ಅನ್ನಿ."

"ಅವಳಿಗೆ ಕನ್ನಡ ಓದಕ್ಕೇ ಬರಲ್ಲ, ಬರೆಯೋದೆಲ್ಲಿಂದ ಬಂತು?"

"ಪಾಟಿ, ಎಲ್ಲಾರ ಮುಂದೆ ಮಾನ ತೆಗೀಬೇಡಿ" ಎಂದು ವೃಂದಾ ಗೊಣಗಿದಳು.

ಆಗ ವಿವರಿಸಬೇಕಾಯಿತು. ರಾತ್ರಿ ಶಾಲೆಯಲ್ಲಿ ಕರೆಂಟು ಹೋದರೂ ನಮ್ಮ ಮೇಷ್ಟ್ರು ಪಾಠ ನಿಲ್ಲಿಸುತ್ತಿರಲಿಲ್ಲ. ಹಾಳೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ, ಉಗುರಿನಲ್ಲಿ ತೀಡಿ ಬಿಡಿಸಿದರೆ ಗೆರೆಗಳು ಬೆರಳಿಗೆ ಸಿಗುತ್ತವೆ. ಎಡಗೈ ಬೆರಳು ಗೆರೆ ಹಿಡಿದು ಮುಂದೆ ಸರಿದಂತೆ ಬಲಗೈ ಅದರ ಮೇಲೆಯೇ ಬರೆಯುತ್ತಾ ಹೋಗುತ್ತದೆ. ನಾವು ಹನ್ನೆರಡು ಹೆಂಗಸರು ಅಕ್ಷರ ಕಲಿತದ್ದೇ ಹಾಗೆ.

"ತೋರಿಸಿ ನೋಡಾನ" ಎಂದು ಚಂದ್ರಶೇಖರ ಸ್ಕೇಲಿನ ತುದಿಯಿಂದ ಒಂದು ಹಾಳೆ, ತಮ್ಮದೇ ಪೆನ್ನು ನನ್ನತ್ತ ತಳ್ಳಿದರು. ನಾನು ಹಾಳೆ ಮಡಿಸಿ, ಕನ್ನಡಕ ತೆಗೆದು, ಸೆರಗನ್ನು ಕಣ್ಣಿಗೆ ಕಟ್ಟಿಕೊಂಡೆ.

"ಬರೀರಿ. ಮಂಡ್ಯದಂಥ ಬೆಲ್ಲ ಚೆನ್ನೈನಲ್ಲಿ ಎಲ್ಲೂ ಸಿಗಲ್ಲ."

ಬರೆದೆ. ಕೆಳಗೆ ನನ್ನದೇ ಒಂದು ಸಾಲು ಸೇರಿಸಿದೆ: ಊರಿಗೆ ಹೋದಾಗ ನಮಗೂ ತನ್ನಿ.

ಅವರು ಭಯ ಮರೆತು ಎದ್ದು ಬಂದರಂತೆ. ಹಾಳೆಯನ್ನು ಕೈಗೆತ್ತಿಕೊಂಡು, ನನ್ನ ಕೈಯಿಂದಲೇ ಪೆನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ಒಂದು ಸಾಲೂ ವಾರೆಯಾಗಿಲ್ವಲ್ರೀ!" ಎಂದರು. ಮರುಕ್ಷಣವೇ ದನಿ ಬದಲಾಯಿತು. "ಹಂಗಾದ್ರೆ ಅಸೈನ್‌ಮೆಂಟೂ ಹಿಂಗೇ ಬರ್ಕೊಡಿ. ಹೆಚ್ಚಿಗೆ ದಿನ ಯಾಕೆ?"

ವೃಂದಾ ನನ್ನ ಮೊಳಕೈ ಚಿವುಟಿದಳು.

"ಬರೆಯೋದು ಕೈ, ಸಾರ್. ಓದೋದು ಕಣ್ಣು" ಎಂದೆ. "ನನ್ನ ಕಾಯಿಲೆ ನನಗೆ ಬಾಯಿಪಾಠ, ಅದಕ್ಕೇ ನಾಲ್ಕು ಪುಟ ಆಯ್ತು. ಹೊಯ್ಸಳರು ಪುಸ್ತಕದಲ್ಲಿದ್ದಾರೆ. ಪುಸ್ತಕ ತೆರೆಯದೆ ಬರೆಯಕ್ಕೆ ಕೂತರೆ ಇಬ್ಬರು ಮೂವರು ರಾಜರನ್ನ ನಾನೇ ಹುಟ್ಟಿಸಬೇಕಾಗತ್ತೆ."

ಅವರು ಜೋರಾಗಿ ನಕ್ಕರು. ಆ ನಗು ಮುಗಿಯುವುದರೊಳಗೆ ಅರ್ಜಿಯ ಮೇಲೆ ಸಹಿ ಬಿತ್ತು: ಡಿಸೆಂಬರ್ ಹತ್ತರವರೆಗೆ.

ಇಪ್ಪತ್ತೊಂಬತ್ತಕ್ಕೆ ಪುಸ್ತಕ ತೆರೆದವಳು, ಹಗಲೆಲ್ಲ ಕೂತು ಬರೆದು, ಐದು ದಿನ ಮೊದಲೇ ಮೂರೂ ಅಸೈನ್‌ಮೆಂಟ್ ಹಿಡಿದು ನುಂಗಂಬಾಕ್ಕಂಗೆ ಹೋದೆ. ರಾಜರೆಲ್ಲ ಪುಸ್ತಕದಲ್ಲಿ ಇದ್ದವರೇ.

ಮೇಜಿನ ಹಿಂದೆ ಚಂದ್ರಶೇಖರ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಅನ್ಯಾಯ ಕೌಸಲ್ಯಮ್ಮ! ನಾನು ನಿಮ್ಮ ಕಣ್ಣನ್ನ ನೋಡ್ಲೇ ಇಲ್ಲ, ಆದ್ರೂ ಬಂತು!"

"ನೋಡಲಿಲ್ಲ, ಸರಿ. ಪೆನ್ನು?"

ಅವರ ಕೈ ನಿಧಾನವಾಗಿ ಕಿವಿಯ ಹತ್ತಿರ ಹೋಯಿತು. ಪೆನ್ನು ಅಲ್ಲೇ ಇತ್ತು. "ಅಯ್ಯೋ ನನ್ನ..." ಎಂದು ತೆಗೆದು ಕಸದ ಬುಟ್ಟಿಗೆ ಎಸೆದರು, ಗುರಿ ತಪ್ಪಿತು.

ನನ್ನ ಅಸೈನ್‌ಮೆಂಟುಗಳ ಮೇಲೆ ತಡವರಿಸುತ್ತಾ ಮೊಹರು ಒತ್ತಿಕೊಟ್ಟರು. ಮೂರನೆಯದು ತಲೆಕೆಳಗಾಗಿ ಬಿತ್ತು, ಆದರೂ ಮೊಹರು ಮೊಹರೇ. ನನ್ನ ಮೇ ತಿಂಗಳು ನನಗೆ ಉಳಿಯಿತು.

"ಮಿಕ್ಕೋರ ಅಂಕ ಎಲ್ಲ ಏಳನೇ ತಾರೀಕಿಗೆ ಯೂನಿವರ್ಸಿಟಿಗೆ ಕಳಿಸ್ಬೇಕು" ಎಂದರು ದನಿ ತಗ್ಗಿಸಿ. "ಒಂದೂ ಓದಕ್ಕಾಗಿಲ್ಲ. ಇನ್ನೊಂದು ವಾರ ಕೊಡಿ ಅಂತ ನಾನೇ ಅರ್ಜಿ ಹಾಕ್ಬೇಕು. ನಿಮ್ಮ ಆ ಕಾಗದ ಮಡಿಸೋದು ಒಸಿ ತೋರಿಸ್ಕೊಡ್ತೀರಾ?"

ಮನೆಯಿಂದ ತಂದಿದ್ದ ನನ್ನ ಪೆನ್ನನ್ನು ಚೀಲದಲ್ಲೇ ಭದ್ರವಾಗಿಟ್ಟು, ಒಂದು ಹಾಳೆ ತೆಗೆದುಕೊಂಡು ನೆರಿಗೆ ಹಿಡಿದು, ಉಗುರಿನಲ್ಲಿ ತೀಡಿ ಅವರ ಮುಂದೆ ಹರಡಿದೆ.

ಅವರು ಬೆರಳಲ್ಲಿ ಮೊದಲ ಗೆರೆ ಹುಡುಕಿಕೊಂಡರು. "ಕಾರಣ ಎಲ್ಲಾ ವಿವರವಾಗಿ ಬರೀಲಾ?"

"ಎರಡೇ ಸಾಲು ಸಾಕು, ಸಾರ್" ಎಂದೆ. "ನಾಲ್ಕು ಪುಟ ಬರೆದರೆ ನಿಮ್ಮನ್ನೂ ನೇರವಾಗಿ ಬರಹೇಳ್ತಾರೆ."