ಒಲೆ ಹಿಂದಿನ ಸಿಡಿಮದ್ದು

ಮಳೆಗಾಲ ಬಂತೆಂದರೆ ಕಮಲಾಪುರದ ಕಲ್ಲುಖಣಿಯಲ್ಲಿ ಒಂದೇ ಗೋಳು. ಸಿಡಿಮದ್ದು ತೇವ ಹಿಡಿಯುತ್ತದೆ. ಬತ್ತಿ ಹಚ್ಚಿದರೆ ಪುಸ್ಸೆನ್ನುತ್ತದೆ. ಬಂಡೆ ಬಿರಿಯದ ದಿನ ಯಾರಿಗೂ ಕೂಲಿ ಇಲ್ಲ. ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ಕಲಬುರಗಿಗೆ ಹೊಸ ಸಡಕು ಬೀಳುತ್ತಿತ್ತು, ಅದಕ್ಕೆ ಕಲ್ಲು ಎಷ್ಟಿದ್ದರೂ ಸಾಲದು.

ದೇವೀಂದ್ರಪ್ಪ ಒಂದು ಉಪಾಯ ಹುಡುಕಿದ್ದ. ತೇವದ ಮದ್ದನ್ನು ಮನೆಗೆ ತಂದು, ಗಂಗಾಳದಲ್ಲಿ ಹರವಿ, ಒಲೆ ಹಿಂದಿನ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದ. ಖಣಿಯ ಎಷ್ಟೋ ಮಂದಿ ಹಾಗೇ ಮಾಡುತ್ತಿದ್ದರು. ಅವನ ಹೆಂಡತಿ ಬಂಡೆಮ್ಮನಿಗೂ ಅದು ಹಪ್ಪಳ ಒಣಗಿಸಿದಷ್ಟು ರೂಢಿಯಾಗಿತ್ತು. ಎಂಥಾ ರೂಢಿ ನೋಡಿ!

ಅವತ್ತು ಬೆಳಿಗ್ಗೆ ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದಳು. ತೊಟ್ಟಿಲಲ್ಲಿ ಎಂಟು ತಿಂಗಳ ಮಗಳು ಮಲಗಿದ್ದಳು. ಕಣ್ಣು ಕಾಣದ ಅತ್ತೆ ಪುತಳಾಬಾಯಿ ಒಲೆ ಮುಂದೆ ಚಳಿ ಕಾಯಿಸುತ್ತಿದ್ದಳು. ದೇವೀಂದ್ರಪ್ಪನನ್ನು ಕರೆಯಲು ಬಂದ ಖಣಿಯ ಮೇಸ್ತ್ರಿ ಚಾಂದಪಾಶಾ ಗಂಗಾಳ ನೋಡಿದವನೇ ಬಾಗಿಲಲ್ಲೇ ನಿಂತುಬಿಟ್ಟ.

“ಯಾ ಅಲ್ಲಾ! ಬಂಡೆಮ್ಮ, ಕೂಸಿನ್ನ ಎತ್ಕೋ! ಎಲ್ಲಾರೂ ಹೊರಗ ಬರ್ರಿ, ಲಗೂ! ಅದನ್ನ ಯಾರೂ ಮುಟ್ಟಬ್ಯಾಡ್ರಿ!”

ಬಂಡೆಮ್ಮ ಹಿಟ್ಟನ್ನು ಅಲ್ಲೇ ಬಿಟ್ಟಳು. ಕೂಸನ್ನು ಅವಚಿಕೊಂಡು, ಅತ್ತೆಯ ಕೈ ಹಿಡಿದು ಮಳೆಗೇ ಓಡಿದಳು. ಒಲೆ ತಾನಾಗಿ ಆರಿ ತಣ್ಣಗಾಗುವವರೆಗೆ ಚಾಂದಪಾಶಾ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ತಾನೊಬ್ಬನೇ ಹೋಗಿ ಮದ್ದಿನ ಮೇಲೆ ಕೊಡದ ನೀರೆಲ್ಲ ಸುರಿದು ಬಂದ.

ಹಿತ್ತಲಿಂದ ಓಡಿ ಬಂದಿದ್ದ ದೇವೀಂದ್ರಪ್ಪನಿಗೆ ಮದ್ದು ಹಾಳಾಯಿತೆಂದು ಸಿಟ್ಟು. “ಏನ್ ಕಾಕಾ, ಇಷ್ಟಕ್ಕ ಹೆದರೋದಾ? ನಾವು ದಿನಾ ಒಣಗಸ್ತೀವಿ. ಏನರೆ ಆಗ್ಯದೇನು?”

“ನಿನ್ನೆ ಕಲಬುರಗಿ ದವಾಖಾನಿಗೆ ಹೋಗಿದ್ದೆ. ನನ್ನ ತಂಗಿ ಮಗ ಬ್ಯಾರೆ ಖಣಿಯವ. ಅವನೂ ಹಿಂಗೇ ಅಂತಿದ್ದ. ಒಂದು ಕಿಡಿ ಹಾರ್ಯದ, ಅಷ್ಟೇ. ಈಗ ಅವನಿಗೆ ಎರಡೂ ಕೈ ಇಲ್ಲ. ಹೆಂಡ್ತಿ ಉಳೀಲಿಲ್ಲ.”

“ಏನ್ ಒಣಗಸ್ತಿದ್ರೋ?” ಪುತಳಾಬಾಯಿ ಕೇಳಿದಳು. “ಖಣಿ ಮದ್ದೇನೋ?”

“ಹೌದವ್ವ,” ಎಂದ ಮಗ.

ಮುದುಕಿ ಎದೆ ಎದೆ ಬಡಿದುಕೊಂಡಳು. “ಅಯ್ಯ ಶಿವನೇ! ನಿಮ್ಮಪ್ಪ ಕಲ್ಲು ಬಿದ್ದು ಸಾಯಲಿಲ್ಲೋ ಮಗಾ. ಒಲಿ ಮುಂದ ಸತ್ತ. ಹಿಂಗೇ ಮದ್ದು ಒಣಗಿಸ್ಕೋತ ಸತ್ತ. ಅವತ್ತು ನೀ ಸಣ್ಣವ, ಮಾವನ ಮನ್ಯಾಗ ಇದ್ದಿ. ಮನ್ಯಾಗ ಮದ್ದು ಇಟ್ಟಿದ್ದಕ್ಕ ಸರ್ಕಾರದವ್ರು ಹಿಡಕೊಂಡು ಹೋಗ್ತಾರಂತ ಅಂಜಿ ಸುಳ್ಳು ಹೇಳ್ದೆ. ಆ ಸುಳ್ಳು ನಿಮ್ಮೆಲ್ಲಾರನ್ನೂ ತಿಂತಿತ್ತಲ್ಲೋ!”

ದೇವೀಂದ್ರಪ್ಪ ಅವ್ವನ ಎರಡೂ ಕೈ ಹಿಡಿದುಕೊಂಡ. ಬಂಡೆಮ್ಮನಿಗೆ ತಾನು ಇಷ್ಟು ದಿನ ಅದರ ಪಕ್ಕದಲ್ಲೇ ರೊಟ್ಟಿ ಸುಟ್ಟದ್ದು ನೆನಪಾಯಿತು.

“ಸುಟ್ಟು ಹೋಗ್ಲಿ ಆ ಖಣಿ! ಇನ್ನ ಹೋಗಬ್ಯಾಡ್ರಿ ನೀವು,” ಎಂದು ಗಂಡನಿಗೆ ಅಳುತ್ತ ಹೇಳಿದಳು.

“ಖಣೀದೇನು ತಪ್ಪದ ತಂಗಿ?” ಎಂದ ಚಾಂದಪಾಶಾ. “ಮೊದಲು ಕೂಲಿಗಂತ ಮಂದಿ ಸೊಲ್ಲಾಪುರಕ್ಕ ಹೋಗ್ತಿದ್ರು. ಈಗ ಊರಾಗೇ ಕೆಲಸ ಅದ. ಸಡಕು ಇನ್ನಾ ಅರ್ಧ ಬಿದ್ದದ, ಆಗಲೇ ನಮ್ಮ ಬಾಳೆಗೊನಿ ಕಲಬುರಗಿ ಬಜಾರಕ್ಕ ಹೊಂಟಾವ. ನಾನೂ ಅದೇ ಸಡಕಿನ ಮ್ಯಾಲೆ ದವಾಖಾನಿಗೆ ಹೋಗಿ ಬಂದೆ. ಖಣಿ ಬೇಕು. ಮದ್ದು ಮಾತ್ರ ಖಣಿಯಾಗ ಮದ್ದಿಡೋ ಕೋಠಿಯಾಗೇ ಇರಬೇಕು. ತೇವ ಆದ್ರ ನನಗ ಹೊಳ್ಳಿ ಕೊಡ್ರಿ.”

“ಕೋಠಿ ಸೋರ್ತದಲ್ಲ ಕಾಕಾ? ಕೂಲಿ ಹೋಗ್ತದಲ್ಲ?”

“ಸೋರಂಗಿಲ್ಲದ ಕೋಠಿ ಕಟ್ಟಿಸು ಅಂತ ಗುತ್ತೇದಾರನಿಗೆ ಎಲ್ಲಾರೂ ಕೂಡಿ ಕೇಳೋಣು. ಕಲ್ಲಿಗೇನು ಬರ ಅದ ನಮ್ಮಲ್ಲಿ?”

ದೇವೀಂದ್ರಪ್ಪ ಮಗಳನ್ನು ಎತ್ತಿಕೊಂಡ. “ಇನ್ನ ಒಂದು ಚಿಟಿಕಿ ಸುದ್ದಾ ಮನಿಗೆ ತರಂಗಿಲ್ಲ,” ಎಂದ.

ಅವತ್ತೇ ಮಧ್ಯಾಹ್ನ ಅವನೂ ಚಾಂದಪಾಶಾನೂ ಖಣಿಯವರ ಓಣಿಯಲ್ಲಿ ಮನೆಮನೆಗೆ ಹೋದರು. ಹನ್ನೆರಡು ಮನೆ ನೋಡಿದರು. ಏಳು ಮನೆಯ ಒಲೆ ಹಿಂದೆ ಮದ್ದು ಇತ್ತು. ಏಳು! ಅಲ್ಲೂ ಎಲ್ಲರನ್ನೂ ಹೊರಗೆ ಕಳಿಸಿ, ಒಲೆ ಆರಿದ ಮೇಲೆ ನೀರು ಸುರಿದರು.

ಖಣಿಯ ಕೆಲಸಕ್ಕೆ ಹೋಗುವವರ ಮನೆಯ ಅಕ್ಕಂದಿರೇ, ತಾಯಂದಿರೇ, ಈ ಕಾಗದವನ್ನು ಕೆಳಗಿಡಿ. ಈಗಲೇ ನಿಮ್ಮ ಒಲೆಯ ಸುತ್ತ ನೋಡಿ. ಮದ್ದು ಕಂಡರೆ ಮುಟ್ಟಬೇಡಿ. ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ, ಮೇಸ್ತ್ರಿಗೆ ಹೇಳಿ ಕಳಿಸಿ. ರೊಟ್ಟಿ ತಡವಾದರೆ ಆಗಲಿ.