ಮಗುಚಿ ಹಾಸಿದ ಕಲ್ಲು

ನಾನು ಒಂದು ಹಾಸುಗಲ್ಲು. ಕಲ್ಲಿಗೇನು ಗೊತ್ತು ಎಂದು ಮೂಗು ಮುರಿಯಬೇಡಿ. ಊರಾಚೆಯ ಗುಡ್ಡದಿಂದ ನನ್ನನ್ನು ಸೀಳಿ ತಂದು ಅಂಗಳಕ್ಕೆ ಹಾಕಿದಾಗ ಈ ಪ್ರಧಾನಾಲಯದ, ಅಂದರೆ ಬಿಷಪ್ಪರ ದೊಡ್ಡ ಚರ್ಚಿನ, ಗೋಡೆಗಳು ಮೊಳಕಾಲೆತ್ತರ ಇದ್ದವು. ಶಿಲುಬೆಯಾಕಾರದ ತಳಪಾಯದ ಮೇಲೆ ಕೈಮುಗಿದಂತೆ ತುದಿ ಕೂಡುವ ಕಮಾನುಗಳು ಎದ್ದದ್ದು, ಆಮೇಲೆ ಜೋಡಿ ಗೋಪುರ ಎದ್ದದ್ದು, ಎಲ್ಲವನ್ನೂ ನಾನು ಬಿದ್ದಲ್ಲಿಂದಲೇ ನೋಡಿದೆ.

ಎಡಗೋಪುರ ಮುಗಿಯುವ ಮೊದಲು ಗಾರೆ ಮೇಸ್ತ್ರಿ ಇನ್ನಾಸಪ್ಪ ಸಾರುವೆಯಿಂದ ಬಿದ್ದು ಸತ್ತ. ಅವನ ಗೋರಿಗೆ ನಿಲ್ಲಿಸಲು ನನ್ನನ್ನು ಆರಿಸಿದರು. ಹೆಸರು ಕೆತ್ತಿದ ಬಸವಾಚಾರಿ 'ಪ್ಪ' ಬದಲು 'ಮ್ಮ' ಕೆತ್ತಿಬಿಟ್ಟ. ಗಂಡಸು ಹೋಗಿ ಹೆಂಗಸಾದ! ಅವನಿಗೆ ಬೇರೆ ಕಲ್ಲು ಕೆತ್ತಿಸಿದರು, ನಾನು ಉಳಿದೆ.

ಅಲ್ಲೇ ಗಾರೆ ಹೊರುತ್ತಿದ್ದ ಇನ್ನಾಸಮ್ಮ ಯಾರೋ ಓದಿ ಹೇಳಿದ್ದು ಕೇಳಿ ನಕ್ಕಳು. "ಸಾಯೋಕ್ ಮುಂಚೇನೇ ಗೋರಿಕಲ್ಲಾ! ಬುಡಿ, ನನ್ ಆಯಸ್ಸು ಗಟ್ಟಿಯಾಯ್ತು." ಆಮೇಲೆ ನಗು ಬಿಟ್ಟು, ಕೆಲಸ ನೋಡುತ್ತಿದ್ದ ಪಾದ್ರಿ ರಾಯಪ್ಪ ಸ್ವಾಮಿಗಳ ಮುಂದೆ ನಿಂತಳು. "ಸ್ವಾಮ್ಯೋರೆ, ಇಷ್ಟ್ ಗಾರೆ ಹೊತ್ತಿವ್ನಿ. ನನ್ ಹೆಸ್ರು ಇಲ್ಲೆಲ್ಲೂ ಇಲ್ಲ. ನಾ ಸತ್ತಾಗ ಈ ಕಲ್ಲ ನನ್ ತಲೆತಾವ್ ನಿಲ್ಸಿ."

"ಆಗ್ಲಮ್ಮ. ಈಗ ನೆಲಕ್ಕೆ ಒಂದು ಕಲ್ಲು ಕಮ್ಮಿ ಬಿದ್ದಿದೆ, ಇದನ್ನೇ ಮಗುಚಿ ಹಾಕಿರ್ಲಿ. ನಿನ್ನ ಕಾಲಕ್ಕೆ ಎಬ್ಬಿಸಿ ಕೊಡೋಣ," ಎಂದರು ಸ್ವಾಮಿಗಳು.

ಹೀಗೆ ನಾನು ಪೀಠದ ಮುಂದೆ ನೆಲವಾದೆ. ಬಿಷಪ್ಪರುಗಳು ನಡೆದರು, ಮದುಮಕ್ಕಳು ನಡೆದರು. ಇನ್ನಾಸಮ್ಮ ಮಾತ್ರ ಪೂಜೆ ಮುಗಿದ ಮೇಲೆ ಬಂದು ನನ್ನ ಬೆನ್ನು ತಟ್ಟಿ ಹೋಗುತ್ತಿದ್ದಳು. ಅವಳ ಅಂಗೈ ಸುಣ್ಣ ತಿಂದು ನನಗಿಂತ ಒರಟಾಗಿತ್ತು. ನನಗೆ ಅವಳೆಂದರೆ ಪ್ರಾಣ.

ರಾಯಪ್ಪ ಸ್ವಾಮಿಗಳಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲೇ ತೀರಿಕೊಂಡರಂತೆ. ಹೊಸ ಗುರುಗಳಿಗೆ ಅವಳು ಕಲ್ಲಿನ ವಿಷಯ ಹೇಳಿದಳು. ಅವರು "ನೋಡೋಣಮ್ಮ" ಎಂದರು. ದೊಡ್ಡವರ 'ನೋಡೋಣ' ಎಂದರೆ ಏನೆಂದು ನಿಮಗೂ ಗೊತ್ತು.

ಮುಪ್ಪಾಗಿ ಅವಳು ತೀರಿಕೊಂಡಳು. ಅವಳ ಪೆಟ್ಟಿಗೆಯನ್ನು ತಂದು ಇಳಿಸಿದ್ದು ನನ್ನ ಮೇಲೆಯೇ. ಅಷ್ಟರಲ್ಲಿ ಬಂದಿದ್ದ ಮತ್ತೊಬ್ಬ ಗುರುಗಳು "ಇನ್ನಾಸಮ್ಮ" ಎಂದು ಹೆಸರು ಹಿಡಿದು ಪ್ರಾರ್ಥಿಸಿದರು. ಒಂದು ಗೇಣು ಕೆಳಗೆ ಅದೇ ಹೆಸರು ಮಣ್ಣಿಗೆ ಮುಖವಿಟ್ಟು ಮಲಗಿತ್ತು. ಹೇಳುವವರು ಯಾರೂ ಉಳಿದಿರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೋದರು. ಮಣ್ಣಿನ ಮೇಲೆ ಮರದ ಶಿಲುಬೆ ನೆಟ್ಟರಂತೆ. ಗೆದ್ದಲಿಗೆ ಅದೆಷ್ಟು ದಿನದ ಊಟ?

ಈಗ ನಾನು ಸವೆದು ನುಣುಪಾಗಿದ್ದೇನೆ. ನೋಡಲು ಬಂದವರು ನನ್ನ ಮೇಲೆ ನಿಂತು, ಕತ್ತೆತ್ತಿ, ಈ ಕಮಾನು ಕಟ್ಟಿದವರು ಯಾರು ಎಂದು ಕೇಳುತ್ತಾರೆ. ಪ್ರತಿ ಸಲವೂ ಮಗುಚಿಕೊಳ್ಳಬೇಕು ಎನಿಸುತ್ತದೆ. ಕಲ್ಲು ನಾನು. ಯಾರಾದರೂ ಎಬ್ಬಿಸಬೇಕು.