ಬಾಗಿಲು ತಟ್ಟಿದ ಮುದುಕ

ತನ್ನದೇನೂ ತಪ್ಪಿಲ್ಲ ಎಂದು ಟೈಲರ್ ಗಟ್ಟಿಯಾಗಿ ನಂಬಿದ್ದ. ಬಟನ್ನನ್ನೇ ಒತ್ತದವನು ತಪ್ಪು ಮಾಡುವುದು ಎಲ್ಲಿಂದ ಬಂತು?

ಅಂಗಡಿ ಅವನದೂ ಅಕ್ಕನದೂ. ಒಬ್ಬರು ಹೊಲಿಗೆ ಮಿಷನ್ನಿಗೆ ಕೂತರೆ ಇನ್ನೊಬ್ಬರು ಹಿಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಆಡುವುದು, ಆಮೇಲೆ ಅದಲುಬದಲು. ಇಬ್ಬರಿಗೂ ಸೇರಿ ಒಂದೇ ಆಟ. ಹೊರಗೆ ಯುದ್ಧ, ಕೊರೆಯುವ ಚಳಿ; ಮನೆಯೊಳಗೆ ಅಡಗಿ ಕೂತ ನಾಲ್ವರನ್ನು ಬದುಕಿಸಬೇಕು. ಅವರಲ್ಲೊಬ್ಬ ಕೆಮ್ಮುವ ಮುದುಕ. ಯಾವ ಕೆಲಸಕ್ಕೂ ಬಾರದವನು. ಆದರೂ ಅಕ್ಕ ತನ್ನ ಸರದಿಯಲ್ಲಿ ಸಿಕ್ಕ ಔಷಧಿಯನ್ನೆಲ್ಲ ಅವನಿಗೇ ಸುರಿಯುತ್ತಿದ್ದಳು.

ಅಕ್ಕ ದಾರ ತರಲು ಹೋಗಿದ್ದಾಗ ಟೈಲರ್ ಆ ಮುದುಕನನ್ನೇ ಸೌದೆಗೆ ಅಟ್ಟಿದ. ಮುದುಕ ವಾಪಸು ಬಂದು ಬಾಗಿಲು ತಟ್ಟಿದ. ಬೆನ್ನ ಹಿಂದೆ ಸಿಪಾಯಿಗಳು. 'ತೆರೆಯುತ್ತೀರಾ?' ಎಂದು ಪರದೆ ಕೇಳಿತು. ತೆರೆದರೆ ಒಳಗಿದ್ದವರಿಗೂ ಕುತ್ತು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದ. ಟೈಲರ್ ಎದ್ದು ಹೋದ. ಪೆಡಲಿನಿಂದ ಕಾಲು ತೆಗೆದರೆ ಸೂಜಿ ನಿಲ್ಲುವುದನ್ನು ಜೀವಮಾನವಿಡೀ ಕಂಡವನು, ಕೈ ಬಿಟ್ಟರೆ ಆಟವೂ ನಿಲ್ಲುತ್ತದೆ ಎಂದುಕೊಂಡ. ಅದು ನಿಲ್ಲಲಿಲ್ಲ. ಉತ್ತರ ಬಾರದ್ದನ್ನು 'ಇಲ್ಲ' ಎಂದು ತಿಳಿದು ಮುಂದೆ ಹೋಯಿತು.

ಅಕ್ಕ ಬಂದು ನೋಡಿದಾಗ ಒಲೆಯ ಸುತ್ತ ಮೂವರೇ ಇದ್ದರು.

"ಮುದುಕ ಎಲ್ಲೋ?"

"ಹೋದ. ಔಷಧಿ ಉಳೀತು ಅಂದ್ಕೋ."

"ನಿನಗೇ ಕುಡಿಸ್ತೀನಿ. ಏನಾಯ್ತು ಹೇಳು."

"ನಾನೇನೂ ಒತ್ತಿಲ್ಲ ಕಣೇ ಅಕ್ಕ. ಬ್ಯಾಂಕಿನ ವಾಚ್‌ಮನ್ ಬಂದಿದ್ರು, ಪ್ಯಾಂಟಿನ ಅಳತೆ ತಗೋತಿದ್ದೆ."

"ಅವರ ಅಳತೆ ನಮ್ಮತ್ರ ಇದೆಯಲ್ಲ. ಹೋದ ವಾರ ನೀನೇ ತಗೊಂಡೆ."

ಟೈಲರ್ ಕೊರಳಲ್ಲಿದ್ದ ಟೇಪನ್ನು ತೆಗೆದು ಸುತ್ತಿದ. ಬಿಚ್ಚಿ ಮತ್ತೆ ಸುತ್ತಿದ.

"ಮೊದಲಿಂದ ಶುರು ಮಾಡಿದ್ರೆ ಮುದುಕ ಮತ್ತೆ ಬರ್ತಾನೆ," ಎಂದ.

"ಅವನು ಬರ್ತಾನೆ. ಬಾಗಿಲ ಹತ್ರ ನೀನೇ ಇರ್ತೀಯಲ್ಲ," ಎಂದು ಅಕ್ಕ ಮಿಷನ್ನಿಗೆ ಹೋಗಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಟೈಲರ್ ಮೊದಲಿಂದ ಶುರು ಮಾಡಲಿಲ್ಲ. ಉಳಿದ ಮೂವರನ್ನಿಟ್ಟುಕೊಂಡೇ ಆಡಿದ. ಸಂಜೆ ಹೊತ್ತಿಗೆ ಯಾರೋ ಹೆಂಗಸು ಬಂದು ಬಾಗಿಲು ತಟ್ಟಿದಳು. ಅವಳ ಹಿಂದೆಯೂ ಸಿಪಾಯಿಗಳು. ಪರದೆಯ ಮೇಲೆ ಅದೇ ಪ್ರಶ್ನೆ.

"ಗಿರಾಕಿ ಬಂದಿದ್ದಾರೆ ಕಣೋ, ನೀನೇ ಬೇಕಂತೆ," ಎಂದು ಅಕ್ಕ ಕೂಗಿದಳು.

"ಸ್ವಲ್ಪ ಕೂರೋಕೆ ಹೇಳು," ಎಂದ ಟೈಲರ್, ಬಟನ್ನಿನ ಮೇಲಿನ ಬೆರಳು ತೆಗೆಯದೆ.